ನೆಮ್ಮದಿಗಾ, ಅಮ್ಮಾ

"ಈ ಸಲ ಬಿಡವಾ, ಬರೋ ಪಂಚಮಿಗೆ ನಿನ್ನ ನಾನ ತೂಗ್ತೀನಿ." ಉಂಡಿ ಕಟ್ಟುತ್ತ, ಬೆಲ್ಲ ಮೆತ್ತಿದ ಅಂಗೈ ತೋರಿಸಿ ಅವ್ವ ಹೀಗಂದಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಅಪ್ಪನ ರೈಲ್ವೆ ಕ್ವಾರ್ಟರ್ಸಿನ ಬೇವಿನ ಮರಕ್ಕೆ ನಾಗರ ಪಂಚಮಿಯ ಜೋಕಾಲಿ ಕಟ್ಟಿದ್ದರು. ಮುಂದಿನ ಪಂಚಮಿಗೂ ಅವ್ವನ ಕೈಗೆ ಬಿಡುವಾಗಲಿಲ್ಲ, ಅದರ ಮುಂದಿನದಕ್ಕೂ. ಆಮೇಲೆ ನಾನೇ ಮರೆತೆ.

ಈಗ ನನಗೇ ಒಬ್ಬ ಮಗಳು, ಪಿಂಕಿ. ಗಚ್ಚಿಬೌಲಿಯ ಆಫೀಸಿನಿಂದ ಮಲ್ಕಾಜ್‌ಗಿರಿಯ ಮನೆ ಮುಟ್ಟುವಷ್ಟರಲ್ಲಿ ಕ್ಯಾಬಿನ ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆ ಮುಗಿದಿರುತ್ತದೆ. ಅಪ್ಪ ತೀರಿದ ಮೇಲೆ ನನ್ನ ಜೊತೆಗೇ ಇದ್ದ ಅವ್ವನಿಗೆ ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು. ಎಡಗೈಯಲ್ಲಿ ಕೋಲು ಹಿಡಿದರೆ ಕಾಲೂ ನಿಲ್ಲುತ್ತಿತ್ತು. ಬಲಗೈ ಮಾತ್ರ ಏನನ್ನೋ ಬಚ್ಚಿಟ್ಟುಕೊಂಡ ಹಾಗೆ ಮುಷ್ಟಿಯಾಗಿ ಎದೆಗಂಟಿಕೊಂಡಿತ್ತು.

ವ್ಯಾಯಾಮ ಮಾಡಿಸಲು ಪದ್ಮನಾಭ ಎಂಬ ಫಿಜಿಯೋ ಮನೆಗೆ ಬರತೊಡಗಿದ. ಇಲ್ಲಿಯವನೇ, ತೆಲುಗಿನವನು. ಈ ಕೈಯಿಂದ ಏನು ಮಾಡಬೇಕೆಂದು ಆಸೆ ಎಂದು ಮೊದಲ ದಿನವೇ ಕೇಳಿದ. ಅವ್ವನ ತೆಲುಗು ತರಕಾರಿ ಬಂಡಿಯಾಚೆ ದಾಟಿದ್ದಲ್ಲ. ಅವನ ಪ್ರಶ್ನೆಯನ್ನು ನಾನೇ ಕನ್ನಡದಲ್ಲಿ ಹೇಳಿದೆ. ತುತ್ತು ಎತ್ತುವುದು, ಹೆರಳು ಹಾಕುವುದು ಅಂದಾಳು ಅಂದುಕೊಂಡಿದ್ದೆ.

"ಪಂಚಮಿಗೆ ನಮ್ಮ ಸುವರ್ಣಾನ ತೂಗಬೇಕ್ರಿ," ಎಂದಳು ಅವ್ವ, ನನ್ನತ್ತ ನೋಡಿ. "ಮಾತ ಕೊಟ್ಟೀನಿ."

"ನನ್ನ ಭಾರಕ್ಕ ಹಗ್ಗ ಹರದೀತು ಬೇ," ಎಂದು ನಕ್ಕೆ. ಅವ್ವ ನಗಲಿಲ್ಲ. ಕೋಲು ಬಿಟ್ಟರೆ ಬೀಳುತ್ತಾಳೆ. ತೂಗುವುದಾದರೆ ಬಲಗೈಯಿಂದಲೇ ತೂಗಬೇಕು.

ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಕೈಯಿಟ್ಟು ಮುಂದಕ್ಕೆ ಸರಿಸಿ, ಕೊನೆಗೆ ಬೆರಳು ಬಿಡಿಸಬೇಕು. ಅವ್ವ ಹಲ್ಲು ಕಚ್ಚಿ ನೂಕಿದಷ್ಟೂ ಮುಷ್ಟಿ ಬಿಗಿಯುತ್ತಿತ್ತು. "ಜೋರ್ ಹಾಕು ಬೇ," ಎಂದು ನಾನು. "ನೆಮ್ಮದಿಗಾ, ಅಮ್ಮಾ, ನೆಮ್ಮದಿಗಾ," ಎಂದು ಪದ್ಮನಾಭ. ತೆಲುಗಿನಲ್ಲಿ ಹಾಗಂದರೆ ನಿಧಾನವಾಗಿ, ಅಷ್ಟೇ.

ಆಷಾಢ ಮುಗಿಯುತ್ತ ಬಂದಿತ್ತು. ಒಂದು ದಿನ ಅವನು ಹೋದ ಮೇಲೂ ಟವೆಲ್ ಸರಿಸುತ್ತಲೇ ಅವ್ವ ಸಿಡುಕಿದಳು. "ಏನವಾ ಇಂವ, ಬಂದಾಗೊಮ್ಮೆ ನೆಮ್ಮದಿ, ನೆಮ್ಮದಿ ಅಂತಾನ! ಅದೇನ್ ಬಂಡಿ ಮ್ಯಾಲ ಮಾರಾಕ ಬರತೈತೇನು? ಎಲ್ಲಿಂದ ತರ್ಲಿ?"

ತಿದ್ದಲು ಬಾಯಿ ತೆರೆದೆ. ದಣಿದಿದ್ದೆನೋ ಏನೋ, ಬೇರೆಯೇ ಮಾತು ಬಂತು. "ಎಂದಾರ ಇತ್ತೇನ ಬೇ ನಿನಗ, ನೆಮ್ಮದಿ?"

ಅವ್ವ ಕಣ್ಣು ಮುಚ್ಚಿದಳು. "ಮದಿವಿಗಿಂತ ಮೊದಲ... ಹುಣಸಿ ಮರದ ಜೋಕಾಲ್ಯಾಗ. ಕಾಲಿಗೆ ಮೋಡ ತಾಕ್ತಿದ್ವು ನೋಡ."

ದೂರದಲ್ಲಿ ರೈಲು ಕೂಗಿತು. ಕಿಟಕಿಯ ಪರದೆ ಉಬ್ಬಿತು, ಇಳಿಯಿತು. ಅದರ ಜೊತೆಗೇ ಅವ್ವನ ಉಸಿರೂ. ಟವೆಲ್ ಮುಂದೆ ಹೋಯಿತು, ಹಿಂದೆ ಬಂತು. ಮನೆಯೇ ಮೆಲ್ಲಗೆ ತೂಗುತ್ತಿದೆ ಅನಿಸಿತು. ಮತ್ತೆ ಮುಂದೆ ಹೋದಾಗ ಅವ್ವನ ಬೆರಳುಗಳು, ನಿದ್ದೆಗೆ ಜಾರಿದ ಕೂಸಿನ ಬೆರಳುಗಳ ಹಾಗೆ, ತಾವಾಗಿ ಬಿಚ್ಚಿಕೊಂಡವು.

"ಅಜ್ಜಿ, ಕೈ!" ಎಂದು ಪಿಂಕಿ ಕಿರುಚಿದಳು. ಅವ್ವ ಕಣ್ಣು ತೆರೆದದ್ದೇ ಮುಷ್ಟಿ ಮುಚ್ಚಿತು.

ಆಮೇಲೆ ಪದ್ಮನಾಭ "ನೆಮ್ಮದಿಗಾ" ಅಂದಾಗಲೆಲ್ಲ ಅವ್ವ ಕಣ್ಣು ಮುಚ್ಚಿ ಹುಣಸೆ ಮರಕ್ಕೆ ಹೋಗುತ್ತಿದ್ದಳು. ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಪಂಚಮಿಯ ದಿನ ಬಾಲ್ಕನಿಯ ಕೊಕ್ಕೆಗೆ ಹಗ್ಗ ಕಟ್ಟಿ ಮಣೆ ಇಟ್ಟೆ. ಪಿಂಕಿ ಜಿಗಿದು ಕೂರಲು ಬಂದಳು.

"ನೀ ಆಮ್ಯಾಲ," ಅಂದಳು ಅವ್ವ. "ಮೊದಲ ನಿಮ್ಮವ್ವಂದು ಪಾಳಿ. ಭಾಳ ಕಾದಾಳ."

ಕೂತೆ. ಬೆನ್ನಿಗೆ ಮುಷ್ಟಿಯ ಗೆಣ್ಣುಗಳು ಒತ್ತಿದವು, ಮಣೆ ಅಲುಗಲಿಲ್ಲ. ಹಿಂದಿನಿಂದ ಉಸಿರು ಕೇಳಿಸಿತು, ಉದ್ದನೆಯದು. "ನೆಮ್ಮದಿ," ಎಂದು ಅವ್ವ ತನಗೇ ಹೇಳಿಕೊಂಡಳು. ಆಮೇಲೆ ಅಂಗೈ, ಅಗಲವಾಗಿ, ಬೆಚ್ಚಗೆ. ಕಾಲುಗಳು ನೆಲ ಬಿಟ್ಟವು. ನೀರಿನ ಟ್ಯಾಂಕುಗಳ ಮೇಲಿನ ಮೋಡ ಹತ್ತಿರ ಬಂತು.

ಅವ್ವ ನನ್ನನ್ನು ತೂಗಿದಳು.