ಚಕ್ಕುಲಿ ಒರಳಿನ ಹವಳ

ನೀಲಕಂಠಪ್ಪ ಮೇಷ್ಟ್ರು ಬರುವ ಶನಿವಾರ ರೂಮು ಖಾಲಿ ಮಾಡುತ್ತೇನೆ ಎಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಕೈ ನಿಂತಿತು. ಬಾಯಿ ನಿಲ್ಲಲಿಲ್ಲ. ಅದು ನಾನು ಸತ್ತ ಮೇಲೂ ಒಂದು ವಾರ ಮಾತಾಡುವ ಬಾಯಿ.

"ಹೋಗಿ ಮೇಷ್ಟ್ರೇ, ಹೋಗಿ. ನಿಮ್ಮ ಗೊರಕೆಗೆ ಯಡಿಯೂರು ಕೆರೆ ಹಕ್ಕಿಗಳೆಲ್ಲ ಹೊಸೂರು ದಾಟಿ ಓಡೋಗಿವೆ. ಇನ್ನಾದ್ರೂ ವಾಪಸ್ ಬರ್ಲಿ."

"ನಿಮ್ಮ ಬಾಯಿಗೆ ಹೆದ್ರಿ ಓಡ್ಯಾವ್ರಿ ಅಮ್ಮಾರ," ಎಂದು ಅವರು ನಕ್ಕರು.

ಅಮ್ಮಾರ ಅಂತೆ! ನನಗಿಂತ ಒಂದೆರಡು ಯುಗಾದಿ ಚಿಕ್ಕವರು, ಅಷ್ಟೇ. ಕುಷ್ಟಗಿ ಕಡೆಯವರು, ಸೈನ್ಸ್ ಮೇಷ್ಟ್ರು. ಅಲ್ಲಿ ರಿಟೈರ್ ಆದ ಮೇಲೆ ಜಯನಗರದ ಶಾಲೆಯೊಂದಕ್ಕೆ ಪಾಠ ಹೇಳಲು ಬಂದು ನಮ್ಮ ಮಹಡಿ ರೂಮು ಹಿಡಿದಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಈಗ ಶಾಲೆಗೆ ಹೊಸ ಮೇಷ್ಟ್ರು ಸಿಕ್ಕಿದ್ದಾರೆ, ತಮ್ಮನ ಮಗ ಊರಿಗೆ ಕರೆಯುತ್ತಿದ್ದಾನೆ.

ಅವರು ಹೋಗಬಾರದು. ಶನಿವಾರದೊಳಗೆ ಅದನ್ನು ಅವರಿಗೆ ಹೇಳಬೇಕು. ನನಗಿದ್ದದ್ದು ಅದೊಂದೇ ಕೆಲಸ. ಆದರೆ ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ನೆಟ್ಟಗಿನ ಮಾತು ಬಂದದ್ದೇ ಇಲ್ಲ.

ಶನಿವಾರವೇ ಅವರ ಶಾಲೆಯಲ್ಲಿ ವಸ್ತುಪ್ರದರ್ಶನ. ಮಕ್ಕಳಿಗೆ ತೋರಿಸಲು ಸಮುದ್ರದ ಹವಳದ ದಿಬ್ಬ ಮಾಡಬೇಕೆಂದು ಮೇಷ್ಟ್ರು ಥರ್ಮಾಕೋಲ್ ಕೊಯ್ಯುತ್ತ ಕೂತಿದ್ದರು. ಮೆಟ್ಟಿಲ ತುಂಬ ಬಿಳಿ ಚೂರು. ಫೋನಿನಲ್ಲಿ ಚಿತ್ರ ತೋರಿಸಿದರು. ಕೊಂಬೆ ಕೊಂಬೆಯಾಗಿ ಬೆಳೆದಿತ್ತು.

"ಇದಾ? ಇದಕ್ಯಾಕೆ ಇಷ್ಟು ಒದ್ದಾಡ್ತೀರಾ? ನಮ್ಮ ಚಕ್ಕುಲಿ ಒರಳಲ್ಲಿ ಒತ್ತಿದ್ರೆ ಬೆಂಗಳೂರಿಗೆಲ್ಲ ಸಾಕಾಗೋಷ್ಟು ಹವಳ ಬೀಳತ್ತೆ," ಎಂದೆ.

ಅಕ್ಕಿ ಹಿಟ್ಟು ಬೇಯಿಸಿ ಸಂಡಿಗೆ ಹಿಟ್ಟು ಮಾಡಿದೆ. ಒಂದು ಪಾಲಿಗೆ ಬೀಟ್‌ರೂಟ್ ರಸ, ಒಂದಕ್ಕೆ ಪಾಲಕ್ ಸೊಪ್ಪು, ಒಂದಕ್ಕೆ ಅರಿಶಿನ. ಸಂಜೆ ಅಡುಗೆಮನೆಯಲ್ಲಿ ನಾನು ಒತ್ತಿದೆ, ಮೇಷ್ಟ್ರು ಮರದ ಹಲಗೆಯ ಮೇಲೆ ಒಂದಕ್ಕೊಂದು ಅಂಟಿಸುತ್ತ ಕೂತರು. ಹಣೆಯ ವಿಭೂತಿಗೆ ಬೀಟ್‌ರೂಟ್ ತಾಗಿ ಕುಂಕುಮ ಇಟ್ಟ ಹಾಗೆ ಕಾಣುತ್ತಿತ್ತು. ನಾನು ಹೇಳಲಿಲ್ಲ, ನೋಡುತ್ತ ಇದ್ದೆ.

"ಈ ಗಿಡ ಎಷ್ಟೆತ್ತರ ಬೆಳೆಯತ್ತೆ ಮೇಷ್ಟ್ರೇ?"

"ಗಿಡ ಅಲ್ರಿ ಇದು, ಪ್ರಾಣಿ. ಇದರಾಗಿನ ಒಂದೊಂದು ಪ್ರಾಣಿ ಸಾಸಿವಿ ಕಾಳಿನಷ್ಟು ಇರ್ತೈತಿ. ಸಣ್ಣ ಬಾಯಿ, ಸಣ್ಣ ಹೊಟ್ಟಿ."

"ಸಾಸಿವೆ ಕಾಳು ಬೆಟ್ಟ ಕಟ್ಟತ್ತಾ? ಬುರುಡೆ ಬಿಡೋದ್ರಲ್ಲಿ ನನ್ನೂ ಮೀರಿಸ್ತಾ ಇದೀರಲ್ಲ!"

"ಅದೊಂದ ಕಟ್ಟಂಗಿಲ್ರಿ. ಅದರ ಮೈಯಾಗ ಪಾಚಿ ಇರ್ತೈತಿ, ಕಣ್ಣಿಗೆ ಕಾಣಂಗಿಲ್ಲ. ಬಿಸಿಲು ಹಿಡದು ಅದು ಅಡಿಗಿ ಮಾಡ್ತೈತಿ. ಮಾಡಿದ್ರಾಗ ಹೆಚ್ಚಿನ ಪಾಲು ಹವಳಕ್ಕ ಉಣಸ್ತೈತಿ. ಆ ಕಸುವಿನ್ಯಾಗ ಹವಳ ಸುಣ್ಣದ ಮನಿ ಕಟ್ಟಕೋತ ಹೋಗ್ತೈತಿ. ಸಾವಿರಾರು ವರ್ಷಕ್ಕ ಗುಡ್ಡ ಆಗ್ತೈತಿ."

"ಅಂದ್ರೆ ಪಾಚಿ ಬಾಡಿಗೆಗೆ ಇದೆ ಅನ್ನಿ."

"ಹಂಗ ಅನ್ರಿ."

"ಓನರಿಗೆ ಅಡುಗೆ ಮಾಡಿ ಹಾಕೋ ಬಾಡಿಗೆದಾರ! ಬನಶಂಕರಿಯಿಂದ ಬಿಟಿಎಂ ಲೇಔಟ್‌ವರೆಗೆ ಟಾರ್ಚ್ ಹಿಡ್ಕೊಂಡು ಹುಡುಕಿದ್ರೂ ಸಿಗಲ್ಲ."

"ಭಾನುವಾರ ತಿಂದ ರೊಟ್ಟಿ ಮರತ್ರೇನು?"

ನಾನು ಒರಳು ತಿರುಗಿಸಿದೆ. ಮರೆಯುವುದು ಹೇಗೆ? ಯಜಮಾನರು ಹೋದ ಮೇಲೆ ನನ್ನ ಒಲೆ ಉರಿಯುತ್ತಿದ್ದದ್ದು ಒಂದು ಲೋಟ ಗಂಜಿಗೆ. ಒಬ್ಬಳಿಗೆ ಯಾರು ಒಗ್ಗರಣೆ ಹಾಕುತ್ತಾರೆ? ಮೇಷ್ಟ್ರು ಬಂದ ಹೊಸದರಲ್ಲಿ ಒಂದು ಭಾನುವಾರ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ತಟ್ಟೆಯಲ್ಲಿಟ್ಟು ಮೆಟ್ಟಿಲ ಮೇಲಿಂದ ಕೂಗಿದ್ದರು. ಖಾರಕ್ಕೆ ನನ್ನ ಕಿವಿಯಲ್ಲಿ ಹೊಗೆ ಬಂದಿತ್ತು. ಸೋಮವಾರ ನಾನು ತಟ್ಟೆ ಖಾಲಿ ಕೊಡಬಾರದೆಂದು ಬಸ್ಸಾರು ಮಾಡಿದೆ. ಅಲ್ಲಿಂದ ಶುರುವಾದ ಅಡುಗೆ ಇವತ್ತಿನವರೆಗೂ ನಿಂತಿಲ್ಲ.

"ಅಲೆ ಬಡಿದು ಮುರಿದೋದ್ರೆ?" ಎಂದು ಕೇಳಿದೆ.

"ಇನ್ನೊಂದು ಜಾತಿ ಪಾಚಿ ಐತ್ರಿ, ಗುಲಾಬಿ ಬಣ್ಣದ್ದು, ಕಲ್ಲಿನಂಗ ಗಟ್ಟಿ. ಮುರದ ತುಂಡು ಹಿಡದು, ಗಾರಿ ಹಾಕಿದಂಗ ಕೂಡಸ್ತೈತಿ."

"ಅಡುಗೆ ಭಟ್ಟನೂ ಪಾಚಿ, ಗಾರೆ ಮೇಸ್ತ್ರಿನೂ ಪಾಚಿ. ಹೆಸರು ಮಾತ್ರ ಹವಳದ್ದು!"

ಮೇಷ್ಟ್ರು ನಗುತ್ತ ಹಲಗೆ ಎತ್ತಿದರು. ಸಂಡಿಗೆ ಅಲ್ಲವೇ, ಬಿಸಿಲಿಗಿಡದೆ ಹೇಗೆ? ಮಾರನೆಯ ದಿನದಿಂದ ಮಹಡಿಯ ಮೇಲೆ ಒಣಗಲು ಇಟ್ಟೆ. ಪಕ್ಕದ ಮನೆ ಕೆಂಪಕ್ಕ ಗೋಡೆಯಾಚೆಯಿಂದ, "ಏನ್ ಬಸವಲಿಂಗಮ್ಮ, ಮೇಷ್ಟ್ರಿಗೆ ದಾರಿ ಬುತ್ತೀನಾ?" ಎಂದಳು. "ಇಲ್ಲ ಕಣೆ, ನಿನ್ನ ಬಾಯಿಗೆ ತುರುಕಕ್ಕೆ," ಎಂದೆ. ಹಲಗೆಯನ್ನು ಇನ್ನಷ್ಟು ಬಿಸಿಲಿಗೆ ಸರಿಸಿದೆ.

ಶನಿವಾರ ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ ಕೆಂಪು ಇಲ್ಲ, ಹಸಿರಿಲ್ಲ. ಏಪ್ರಿಲ್ ಬಿಸಿಲು ಎಲ್ಲ ಬಣ್ಣವನ್ನೂ ಹೀರಿ ನನ್ನ ಹವಳ ಮೂಳೆಯ ಹಾಗೆ ಬೆಳ್ಳಗಾಗಿತ್ತು. ಸಂಜೆಯೆಲ್ಲ ಇಬ್ಬರೂ ಕೂತು ಮಾಡಿದ್ದು. ನನಗೆ ಅಳುವೇ ಬಂತು. ಮೇಷ್ಟ್ರು ಬಂದು ನೋಡಿ ಚಪ್ಪಾಳೆ ತಟ್ಟಿದರು.

"ಭಾರೀ ಆತು ಬಿಡ್ರಿ! ಸಮುದ್ರದಾಗೂ ಹಿಂಗ. ನೀರು ಭಾಳ ಕಾದ್ರ ಹವಳ ತನ್ನ ಮೈಯಾಗಿನ ಪಾಚಿ ಹೊರಗ ಹಾಕ್ತೈತಿ, ಬೆಳ್ಳಗಾಗ್ತೈತಿ. ಹುಡುಗ್ರಿಗೆ ಇದನ್ನ ತೋರಸ್ತೀನಿ."

"ಸತ್ತೋಗತ್ತಾ?"

"ಆಗಿಂದಾಗ ಸಾಯಂಗಿಲ್ರಿ. ಹಸಕೊಂಡು ಕುಂತಿರ್ತೈತಿ. ನೀರು ತಣ್ಣಗಾಗಿ ಪಾಚಿ ತಿರಗಿ ಬಂದ್ರ ಬದಕ್ತೈತಿ. ಭಾಳ ತಡ ಆಗಬಾರದು, ಅಷ್ಟ."

"ಬಾ ಅಂತ ಕರೆಯಲ್ವಾ ಅದು?"

"ಬಾಯಿ ಐತ್ರಿ. ಮಾತು ಎಲ್ಲಿಂದ ಬರಬೇಕು?"

ಕೆಳಗೆ ಆಟೋ ಹಾರ್ನ್ ಹೊಡೆಯಿತು. ಟ್ರಂಕು ಆಗಲೇ ಗೇಟಿನ ಹತ್ತಿರ ಇತ್ತು. ಶಾಲೆಯಿಂದ ನೇರ ಬಸ್ಸಿಗೆ ಹೋಗುವವರಿದ್ದರು. ಹಲಗೆಯನ್ನು ಇಬ್ಬರೂ ಹಿಡಿದು ಮೆಟ್ಟಿಲಿಳಿದೆವು. ಕೊನೆಯ ಮೆಟ್ಟಿಲಲ್ಲಿ ನಾನು ನಿಂತೆ.

"ಹೋಗ್ಬೇಡಿ ಮೇಷ್ಟ್ರೇ."

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ. ಅವರ ನಗೆ ಅರ್ಧಕ್ಕೆ ನಿಂತಿತು. ಹಲಗೆಯ ಆಚೆ ಬದಿಯಿಂದ ನನ್ನ ಮುಖ ನೋಡಿದರು.

"ಖರೇ ಅಂತೀರೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಹೂಂ ಅನ್ನಬೇಕಿತ್ತು. ಒಂದೇ ಅಕ್ಷರ. ಆದರೆ ಆಟೋದವನು ನೋಡುತ್ತಿದ್ದ, ಗೋಡೆಯಾಚೆ ಕೆಂಪಕ್ಕನ ಪೊರಕೆ ಸದ್ದು ನಿಂತಿತ್ತು, ಈ ಹಾಳು ಬಾಯಿ ತನ್ನ ಪಾಡಿಗೆ ತಾನು ಓಡಿತು.

"ಅಯ್ಯೋ, ತಮಾಷೆಗಂದೆ! ನಿಮ್ಮ ರೂಮಿಗೆ ಜನ ಕ್ಯೂ ನಿಂತವ್ರೆ, ವಿಧಾನಸೌಧ ದಾಟಿದೆ ಕ್ಯೂ. ಹೊರಡಿ, ಹೊರಡಿ."

"ಹೌದಲ್ರಿ," ಎಂದರು. ಇನ್ನೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಆಟೋ ಹತ್ತಿ, ಆ ಬಿಳಿ ದಿಬ್ಬವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಒಂದು ಕೈ ಹಲಗೆಯನ್ನು ಹಿಡಿದೇ ಇತ್ತು, ಇನ್ನೊಂದು ಹೊರಗೆ ಚಾಚಿತ್ತು.

ಈಗ ಮಳೆಗಾಲ ಬಂದಿದೆ. ಬಾಡಿಗೆ ಬೋರ್ಡು ಇನ್ನೂ ಹಾಕಿಲ್ಲ. ಕೆಂಪಕ್ಕ ಕೇಳಿದಾಗೆಲ್ಲ, "ಪೇಂಟು ಒಣಗಿಲ್ಲ ಕಣೆ," ಎನ್ನುತ್ತೇನೆ. ಆ ರೂಮಿಗೆ ನಾನು ಪೇಂಟೇ ಹೊಡೆಸಿಲ್ಲ.