ಪಿಎಫ್ ಪರ ಮಾತಾಡಿದ ವಿನಯ್

ಆಫೀಸಿನ ಚರ್ಚಾಸ್ಪರ್ಧೆಯಲ್ಲಿ ವಿನಯ್ ಪಿಎಫ್ ಪರವಾಗಿ ಮಾತಾಡಿದ್ದು, ಚೀಟಿ ಎತ್ತಿದಾಗ ಆ ಪಕ್ಷ ಬಂತೆಂದು ಮಾತ್ರ. ಕೊಚ್ಚಿಯ ಅವನ ಕಂಪನಿಯಲ್ಲಿ ದೊಡ್ಡ ಸಂಬಳದವರು ನಿವೃತ್ತಿಯ ಉಳಿತಾಯಕ್ಕೆ ಹಣ ಹಿಡಿಯುವುದು ಬೇಡವೆಂದು ಸೇರುವಾಗಲೇ ಹೇಳಬಹುದಿತ್ತು. ಮನಸ್ಸು ಬದಲಾದರೆ ಆಮೇಲೆ ಸೇರಲೂಬಹುದಿತ್ತು. ವಿನಯ್ ಬೇಡವೆಂದಿದ್ದ. ಆ ದುಡ್ಡನ್ನು ತಾನೇ ಜಾಣತನದಿಂದ ಹೂಡುವುದಾಗಿ ತೀರ್ಮಾನಿಸಿದ್ದ. ಆ ಜಾಣತನ ಈಗ ಕಲೂರಿನ ಬಾಡಿಗೆ ಮನೆಯಲ್ಲಿ ಒಂದು ಡ್ರಮ್ ಸೆಟ್ಟಾಗಿ, ಬಟ್ಟೆ ಒಣಹಾಕುವ ಟ್ರೆಡ್‌ಮಿಲ್ಲಾಗಿ ನಿಂತಿತ್ತು.

ವೇದಿಕೆ ಹತ್ತಿದ ಮೇಲೆ ಅವನಿಗೆ ಅಪ್ಪನ ನೆನಪಾಯಿತು. ಅಪ್ಪ ಶಂಕರನಾರಾಯಣ ಮೈಸೂರಿನಿಂದ ತಿರುವನಂತಪುರಕ್ಕೆ ಬಂದು, ಬಾಹ್ಯಾಕಾಶ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರು. ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿಸಿದ ದುಡ್ಡಿನಿಂದಲೇ ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಫ್ಲ್ಯಾಟ್ ಕೊಂಡವರು. ಅವರ ಸಂಯಮವನ್ನು ಬಣ್ಣಿಸುತ್ತ ಬಣ್ಣಿಸುತ್ತ ವಿನಯ್‌ಗೆ ಕಣ್ಣೇ ತುಂಬಿ ಬಂತು. ಮೊದಲ ಬಹುಮಾನ ಬಂತು. ಎಚ್‌ಆರ್‌ನ ಗ್ರೇಸಿ ಮರುದಿನವೇ ಅವನ ಫೋಟೊ ಹಾಕಿ ಲಿಫ್ಟಿನಲ್ಲಿ ಪೋಸ್ಟರ್ ಅಂಟಿಸಿದಳು: 'ವಿನಯ್ ನಾಳೆಯ ಬಗ್ಗೆ ಯೋಚಿಸಿದ್ದಾರೆ. ನೀವು?' ಅವನ ಕಡತ ನೋಡಬೇಕೆಂದು ಆಕೆಗೆ ಹೊಳೆಯಲೇ ಇಲ್ಲ.

ಜನ ಪಿಎಫ್‌ಗೆ ಸೇರತೊಡಗಿದರು. ಪಕ್ಕದ ಸೀಟಿನ ಅಲ್ವಿನ್, ನೀನಿಲ್ಲದಿದ್ದರೆ ನನಗೆ ಬುದ್ಧಿ ಬರುತ್ತಿರಲಿಲ್ಲ ಎಂದು ಬಾಳೆಹಣ್ಣಿನ ಬಜ್ಜಿ, ಪಳಂಪೊರಿ ಕೊಡಿಸಿದ. ವಿನಯ್ ತಿಂದ. ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಂಡು ಲಿಫ್ಟ್ ಬಿಟ್ಟ.

ಶನಿವಾರ ಪಟ್ಟಂಗೆ ಹೋದರೆ, ಅವನೇ ಜಂಬದಿಂದ ಕಳಿಸಿದ್ದ ಭಾಷಣದ ವಿಡಿಯೊ ನೋಡುತ್ತ ಅಪ್ಪ ಕೂತಿದ್ದರು.

"ನಿಂದು ಎಷ್ಟು ಹಿಡೀತಾರೆ?" ಎಂದು ಕೇಳಿದರು.

ಸುಳ್ಳು ಹೇಳೋಣವೆಂದರೆ ಎಷ್ಟೆಂದು ಹೇಳಬೇಕೆಂಬ ಅಂದಾಜೂ ವಿನಯ್‌ಗಿರಲಿಲ್ಲ.

"ಏನೂ ಇಲ್ಲಪ್ಪ. ನಾನು ಸೇರೇ ಇಲ್ಲ."

ಅಪ್ಪ ಗದರಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನಿರ್ಮಲ ನಕ್ಕಳು.

"ನಿಮ್ಮಪ್ಪಂಗೆ ಬೇಡ ಅನ್ನೋಕೆ ಅವಕಾಶ ಇದ್ರೆ ತಾನೆ? ಸರ್ಕಾರಿ ಕೆಲಸ, ಕೇಳದೇನೇ ಹಿಡ್ಕೋತಿದ್ರು. ಕೈಗೆ ಕೊಟ್ಟಿದ್ರೆ ಅಷ್ಟೂ ಕ್ಯಾಮೆರಾ ಲೆನ್ಸಿಗೇ ಹೋಗ್ತಿತ್ತು."

"ಒಂದು ಜಪಾನಿ ಲೆನ್ಸ್ ನೋಡಿಟ್ಟಿದ್ದೆ," ಎಂದು ಅಪ್ಪ ಮೆಲ್ಲಗೆ ಒಪ್ಪಿಕೊಂಡರು.

ಮನೆತನದಲ್ಲೇ ಇಲ್ಲದ ಸಂಯಮವನ್ನು ತಾನು ಕಣ್ಣೊದ್ದೆ ಮಾಡಿಕೊಂಡು ಇಡೀ ಆಫೀಸಿಗೆ ಹಂಚಿದ್ದು ವಿನಯ್‌ಗೆ ಆಗ ಅರ್ಥವಾಯಿತು. ನಾಚಿಕೆಯ ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಡ್ರಮ್ ಸೆಟ್ಟಿಗೆ ತಾನೊಬ್ಬನೇ ಹೊಣೆಯಲ್ಲ.

ಸೋಮವಾರ ಗ್ರೇಸಿಯ ಮುಂದೆ ನಿಂತು ಇದ್ದದ್ದನ್ನು ಹೇಳಿದ. ಆಕೆ ಕಂಪ್ಯೂಟರ್ ನೋಡಿದಳು, ಅವನನ್ನು ನೋಡಿದಳು, ತುಟಿ ಬಿಗಿಹಿಡಿದು ನಗು ತಡೆದಳು. ಈಗಲಾದರೂ ಪಿಎಫ್ ಮೇಲೆ ನಂಬಿಕೆ ಬಂತೇ ಎಂದು ಕೇಳಿದಳು. ಅಂಥ ನಂಬಿಕೆಯೇನೂ ಬಂದಿಲ್ಲ, ತನ್ನ ಮೇಲಿದ್ದದ್ದು ಹೋಗಿದೆ ಎಂದ ವಿನಯ್, ಈ ತಿಂಗಳಿಂದಲೇ ಹಿಡಿಯಲು ಹೇಳಿದ.

ಅಲ್ವಿನ್‌ಗೂ ನಿಜ ತಿಳಿಸಿದ. ಅವನು ಸಿಟ್ಟಾಗಲಿಲ್ಲ, ತಾನಂತೂ ಸೇರಿಯಾಯಿತು, ಇನ್ನು ಹಿಂದೆಗೆಯುವಂತಿಲ್ಲ ಎಂದ. ತಿಂಗಳ ಕೊನೆಗೆ ಇಬ್ಬರ ಸಂಬಳವೂ ಇಳಿದು ಬಂತು. ಕ್ಯಾಂಟೀನಿನಲ್ಲಿ ಇಬ್ಬರೂ ಮೊಬೈಲ್ ನೋಡಿಕೊಂಡು, ಒಂದೇ ಪ್ಲೇಟ್ ಪಳಂಪೊರಿ ತರಿಸಿ ಹಂಚಿಕೊಂಡರು.