ಮಲ್ಲಣ್ಣನವರ ಎರಡನೆಯ ಜನರೇಟರ್

ಕಲಬುರಗಿಯ ಹೊರಗಿನ ನಂದೂರಿನಲ್ಲಿ ಎಡಕ್ಕೂ ಬೇಳೆ ಮಿಲ್ಲು, ಬಲಕ್ಕೂ ಬೇಳೆ ಮಿಲ್ಲು, ನಡುವೆ ನಮ್ಮ ಡೇಟಾ ಸೆಂಟರು. ಮೊದಲು ಅದೂ ತೊಗರಿಯ ಗೋದಾಮೇ ಆಗಿತ್ತು. ಮಾಲೀಕರಾದ ಮಲ್ಲಣ್ಣನವರು ಚೀಲಗಳನ್ನು ತೆಗೆಸಿ, ಕಂಪ್ಯೂಟರಿನ ಕಪಾಟುಗಳನ್ನು ನಿಲ್ಲಿಸಿ, ಏಸಿ ಹಾಕಿಸಿ, ಎರಡು ಕಾಲೇಜು, ನಾಲ್ಕಾರು ಬೀಜದ ಕಂಪನಿ, ಒಂದು ದೊಡ್ಡ ಆಸ್ಪತ್ರೆ ಇವರೆಲ್ಲರ ಕಡತಗಳನ್ನು ಒಳಗಿಟ್ಟು ಕಾಯುವ ವ್ಯಾಪಾರ ಶುರು ಮಾಡಿದ್ದರು. ಕಾಯುವವರು ನಾವು ಒಂಬತ್ತು ಜನ. ನಾನು ಅಮೃತ, ಕಲಬುರಗಿಯ ಗಾಜಿಪುರದವಳು, ಡಿಪ್ಲೊಮಾ ಓದಿದವಳು, ಆ ಒಂಬತ್ತು ಜನರ ಮೇಲ್ವಿಚಾರಕಿ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಉಳಿದ ಎಂಟು ಜನ ಹೇಳುತ್ತಾರೆ. ಇದನ್ನು ಓದಿ ನೀವೇ ಹೇಳಿ, ಬಾರದೆ ಇರುತ್ತದೆಯೇ.

ಮಾರ್ಚಿನಲ್ಲಿ ಆಸ್ಪತ್ರೆಯಿಂದ ಒಂದು ಪತ್ರ ಬಂತು. ನಿಮ್ಮ ಸೆಂಟರಿಗೆ ಭರವಸೆಯ ಮೂರನೆಯ ಮಟ್ಟದ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ನಮ್ಮದೆಲ್ಲವನ್ನೂ ಹೈದರಾಬಾದಿನ ಕಂಪನಿಗೆ ಒಯ್ಯುತ್ತೇವೆ ಎಂದು. ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸ ಆಸ್ಪತ್ರೆಯದೇ. ಅದು ಹೋದರೆ ಗೋದಾಮಿಗೆ ಮತ್ತೆ ತೊಗರಿ ಬರುತ್ತದೆ, ನಾವು ಒಂಬತ್ತು ಜನ ಮನೆಗೆ ಹೋಗುತ್ತೇವೆ. ಗಾಜಿಪುರದ ನಮ್ಮ ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ.

ಮಟ್ಟ ಅಂದರೇನು ಎಂದು ಮಲ್ಲಣ್ಣನವರು ಕೇಳಿದರು. ಅಡುಗೆಮನೆಯ ಲೆಕ್ಕದಲ್ಲಿ ಹೇಳಿದೆ. ಒಲೆ ಒಂದೇ, ಸಿಲಿಂಡರ್ ಒಂದೇ ಇದ್ದರೆ ಅದು ಮೊದಲನೆಯ ಮಟ್ಟ. ಒಲೆ ಎರಡಿದ್ದು ಪೈಪು ಒಂದೇ ಇದ್ದರೆ ಎರಡನೆಯದು. ಒಲೆ, ಸಿಲಿಂಡರ್, ಪೈಪು ಎಲ್ಲ ಎರಡೆರಡಿದ್ದು, ಒಂದನ್ನು ರಿಪೇರಿಗೆ ಬಿಚ್ಚಿಟ್ಟರೂ ಊಟ ತಡವಾಗದಿದ್ದರೆ ಮೂರನೆಯದು. ಒಲೆಗೇ ಬೆಂಕಿ ಹತ್ತಿದರೂ ಪಂಕ್ತಿಯಲ್ಲಿ ಕೂತವರಿಗೆ ಗೊತ್ತಾಗದಿದ್ದರೆ ನಾಲ್ಕನೆಯದು. ನಾಲ್ಕನೆಯದು ನಮಗೆ ಬೇಡ, ಮೂರು ಸಾಕು ಎಂದೆ. ಮಲ್ಲಣ್ಣನವರಿಗೆ ಬಹಳ ಖುಷಿಯಾಯಿತು. ಎಲ್ಲವನ್ನೂ ಎರಡೆರಡು ತರಿಸಿದರು. ಎರಡನೆಯ ಜನರೇಟರ್ ಗಾಲಿಯ ಮೇಲೆ ಬಂತು. ನನ್ನ ಕಷ್ಟ ಶುರುವಾದದ್ದು ಆ ಗಾಲಿಗಳಿಂದಲೇ.

ನಮ್ಮ ಕಡೆ ಒಂದು ರಿವಾಜು ಇದೆ. ಮದುವೆಗೆಂದು ಯಾರಾದರೂ ಬಂದು ಹಂಡೆ, ಜಮಖಾನೆ, ಟ್ರ್ಯಾಕ್ಟರು ಏನು ಕೇಳಿದರೂ, ಅದು ಮನೆಯಲ್ಲಿ ಸುಮ್ಮನೆ ಇದ್ದರೆ ಇಲ್ಲ ಅನ್ನುವಂತಿಲ್ಲ. ಬಳಸುತ್ತಿರುವ ವಸ್ತುವಾದರೆ ಬೇರೆ ಮಾತು. ಸುಮ್ಮನೆ ಇದ್ದದ್ದನ್ನು ಕೊಡದವನು ನಾಲ್ಕು ಊರಲ್ಲಿ ಕೆಟ್ಟವನಾಗುತ್ತಾನೆ. ಎರಡನೆಯ ಜನರೇಟರಿನ ಕೆಲಸವೇ ಸುಮ್ಮನೆ ನಿಲ್ಲುವುದು. ಅದು ಸುಮ್ಮನೆ ನಿಂತಿರಲಿ ಎಂದೇ ನಾವು ಅಷ್ಟು ಒದ್ದಾಡಿದ್ದು. ಮಲ್ಲಣ್ಣನವರ ಬೀಗರಿಗೆ, ಬೀಗರ ಬೀಗರಿಗೆ ಮಾತ್ರ ಅದು ಹಿತ್ತಿಲಲ್ಲಿ ಬೋರಲು ಹಾಕಿದ ಹಂಡೆಯಂತೆ ಕಂಡಿತು. ಏಪ್ರಿಲ್‌ನಲ್ಲಿ ಅದು ಆರು ಮದುವೆ ಮಾಡಿತು. ಒಂದೊಂದು ಸಲವೂ ನಾನು ಜಗಳವಾಡಿದೆ. ಒಂದೊಂದು ಸಲವೂ ಮಲ್ಲಣ್ಣನವರು ತಲೆ ತಗ್ಗಿಸಿ, “ಇಲ್ಲ ಅನ್ನಾಕ ನನಗ ಬಾಯೇ ಬರಂಗಿಲ್ಲ ನೋಡವ್ವ” ಎಂದರು. ಅದು ನಿಜವೇ. ನಲವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ ಆ ಒಂದು ಶಬ್ದ ಹೇಗೆ ಕಲಿಯದೆ ಉಳಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ತಪಾಸಣೆಗೆ ಮೇ ತಿಂಗಳ ಒಂದು ಗುರುವಾರ ಗೊತ್ತಾಗಿತ್ತು. ಅರ್ಜಿಯಲ್ಲಿ ‘ಎರಡೂ ಜನರೇಟರ್ ಸದಾ ಸ್ಥಳದಲ್ಲಿರುತ್ತವೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದವಳು ನಾನು. ತಪಾಸಣೆಯ ಅಧಿಕಾರಿ ಪರ್ವೇಜ್ ಅವರು ಮಂಗಳವಾರವೇ ಬಂದರು. ಹುಟ್ಟಿದ್ದು ಕಲಬುರಗಿಯಲ್ಲೇ, ಕೆಲಸ ಹೈದರಾಬಾದಿನಲ್ಲಿ, ಮಾತು ಬಲು ಮೆತ್ತಗೆ. ಅಂಥವರನ್ನು ಕಂಡರೇ ನನಗೆ ಹೆದರಿಕೆ. ಹಿತ್ತಿಲಿಗೆ ಕರೆದೊಯ್ದೆ. ಒಂದು ಜನರೇಟರ್ ಇತ್ತು. ಇನ್ನೊಂದರ ಜಾಗದಲ್ಲಿ ಎಣ್ಣೆಯ ಕಲೆಯ ಪಕ್ಕ ಒಂದು ನಾಯಿ ಮಲಗಿತ್ತು.

ಗೇಟಿನವನು ನನ್ನ ಕಿವಿಯಲ್ಲಿ ಹೇಳಿದ: ಬೆಳಿಗ್ಗೆಯೇ ಟ್ರ್ಯಾಕ್ಟರ್ ಡ್ರೈವರ್ ದೌಲಪ್ಪ ಬಂದು ಅದನ್ನು ಕಮಲಾಪುರಕ್ಕೆ ಎಳೆದೊಯ್ದಿದ್ದಾನೆ, ಅಲ್ಲಿ ಬೀಗರ ಪೈಕಿ ಮಾಳಮ್ಮ ಎಂಬವಳ ಮೊಮ್ಮಗಳ ಮದುವೆ, ಮಲ್ಲಣ್ಣ ಸಾವ್ಕಾರರೂ ಅಲ್ಲಿಗೇ ಹೋಗಿದ್ದಾರೆ. ನಾನು ಪರ್ವೇಜ್ ಅವರಿಗೆ, ಸರ್ವೀಸಿಗೆ ಹೋಗಿದೆ ಎಂದೆ. ಎಲ್ಲಿಗೆ ಎಂದರು. ಸುಳ್ಳಿನ ಅಭ್ಯಾಸವಿಲ್ಲದ ಬಾಯಿ, ಊರಿನ ಹೆಸರು ಮಾತ್ರ ನಿಜವನ್ನೇ ಹೇಳಿಬಿಟ್ಟಿತು. ಕಮಲಾಪುರ ದೂರವೇನಲ್ಲ, ನಡೆಯಿರಿ ನೋಡಿ ಬರೋಣ ಎಂದು ಅವರು ಕಾರಿನ ಬಾಗಿಲು ತೆಗೆದರು. ಮಹಾಗಾಂವ ಕ್ರಾಸ್ ದಾಟುವವರೆಗೆ ಮಲ್ಲಣ್ಣನವರಿಗೆ ಹನ್ನೊಂದು ಸಲ ಫೋನ್ ಹಚ್ಚಿದೆ. ಒಮ್ಮೆ ಮಾತ್ರ ಎತ್ತಿದರು. ಬ್ಯಾಂಡಿನ ಸದ್ದಿನಲ್ಲಿ, ಊಟಕ್ಕೆ ಬಾ ಎಂದು ಹೇಳಿ ಇಟ್ಟರು.

ಕಮಲಾಪುರದಲ್ಲಿ ಹಂದರದ ಪಕ್ಕದಲ್ಲೇ ನಮ್ಮ ಜನರೇಟರ್ ನಿಂತಿತ್ತು. ಮೈತುಂಬ ಚೆಂಡುಹೂ, ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ, ನಮ್ಮ ಕಂಪನಿಯ ಹೆಸರಿನ ಮೇಲೆ ಕುಂಕುಮ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪರ್ವೇಜ್ ಅವರ ಕಣ್ಣು ಅದರಾಚೆಗೆ ಹೋಗಿತ್ತು. ಅಲ್ಲಿ ಇನ್ನೊಂದು ಜನರೇಟರ್ ಇತ್ತು, ಬಾಡಿಗೆಯದು, ಸುಮ್ಮನೆ ನಿಂತದ್ದು.

ಹುಡುಗಿಯ ಅಜ್ಜಿ ಮಾಳಮ್ಮ, ಎಪ್ಪತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಬಾಡಿಗೆಯದನ್ನು ತೋರಿಸಿ, ಇದು ಯಾಕಮ್ಮ ಎಂದು ಪರ್ವೇಜ್ ಕೇಳಿದರು.

“ಅದು ಮಲ್ಲಣ್ಣ ಕೊಟ್ಟಿದ್ರೀ, ಬಿಟ್ಟಿದು. ಬಿಟ್ಟಿದು ನಡುವ ಕೈ ಕೊಟ್ರ ಯಾರನ್ನ ಕೇಳೂದು? ಅದಕ್ಕ ಇನ್ನೊಂದು ತರಿಸೀನಿ. ಮದ್ವಿ ಒಂದೇ ಸಲ ಆಗ್ತದ, ನಿಲ್ಲಬಾರದು” ಎಂದಳು.

ಪರ್ವೇಜ್ ಅವರ ಮುಖ ಅರಳಿತು. ಚೀಲದಿಂದ ನಮ್ಮ ತಪಾಸಣೆಯ ಹಾಳೆಯನ್ನೇ ತೆಗೆದು ಕೇಳುತ್ತ ಹೋದರು. ಅಡುಗೆಯವರು? ಕಲಬುರಗಿಯ ತಂಡ ಒಂದು, ಹುಮನಾಬಾದಿನದು ಒಂದು, ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಅದರಿಂದ ಒಟ್ಟಿಗೆ ಎದ್ದು ಹೋಗುವ ಭಯವೂ ಇಲ್ಲ. ನೀರು? ಎರಡು ಟ್ಯಾಂಕರು, ಎರಡು ಬೇರೆ ಬೇರೆ ಬಾವಿಯವು. ಮದುವೆ ಮಾಡಿಸುವ ಸ್ವಾಮಿಗಳು? ಒಬ್ಬರು ಮಂಟಪದಲ್ಲಿ, ಇನ್ನೊಬ್ಬರು ಊಟಕ್ಕೆಂದು ಕರೆಸಿ ಪಡಸಾಲೆಯಲ್ಲಿ ಕೂರಿಸಿದವರು. ವರ ಎಷ್ಟು ಜನ ಎಂದು ಮಾತ್ರ ಅವರು ಕೇಳಲಿಲ್ಲ, ಕೇಳಿದ್ದರೆ ಮಾಳಮ್ಮ ಏನು ಹೇಳುತ್ತಿದ್ದಳೋ.

ಕಡೆಗೆ ನಮ್ಮ ಜನರೇಟರನ್ನು ನಿಲ್ಲಿಸಿ ತೋರಿಸಬಹುದೇ ಎಂದು ವಿನಯದಿಂದ ಕೇಳಿದರು. ಮಾಳಮ್ಮ ಕೈ ಬೀಸಿದಳು, ದೌಲಪ್ಪ ನಿಲ್ಲಿಸಿದ. ಫ್ಯಾನಿನ ರೆಕ್ಕೆಗಳು ಇನ್ನೂ ತಿರುಗುತ್ತಿರುವಾಗಲೇ ಬಾಡಿಗೆಯದು ಹೊತ್ತುಕೊಂಡಿತು. ಪಂಕ್ತಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮಲ್ಲಣ್ಣನವರೂ ಅದೇ ಪಂಕ್ತಿಯಲ್ಲಿದ್ದರು, ಎಲೆಯಲ್ಲಿ ಅರ್ಧ ಸುಲಿದ ಕೆಂಪು ಬಾಳೆಹಣ್ಣು. ಪರ್ವೇಜ್ ಹಾಳೆಯಲ್ಲಿ ಗುರುತು ಹಾಕಿ ಹೇಳಿದರು, “ಮೇಡಂ, ಈ ಮದ್ವಿ ಮೂರನೇ ಮಟ್ಟದ್ದು. ನಿಮ್ಮ ಸೆಂಟರು ಸದ್ಯ ಎರಡನೇದೂ ಅಲ್ಲ.”

ನನಗೆ ಅಳು ಬಂತು. ಇದ್ದದ್ದೆಲ್ಲ ಹೇಳಿದೆ. ಸರ್ವೀಸಿನ ಮಾತು ಸುಳ್ಳು, ಸಹಿ ನನ್ನದು, ತಪ್ಪೂ ನನ್ನದೆಂದು ಬರೆಯಿರಿ, ಆದರೆ ಸೆಂಟರ್ ಮುಚ್ಚುವಂತೆ ಬರೆಯಬೇಡಿ ಎಂದೆ. ಅವರು ನನ್ನನ್ನೂ, ಕೈ ತೊಳೆದು ಬಂದ ಮಲ್ಲಣ್ಣನವರನ್ನೂ ನೆರಳಲ್ಲಿ ಕೂರಿಸಿ ಹೇಳಿದ್ದಿಷ್ಟು: ಯಂತ್ರಗಳಲ್ಲಿ ಏನೂ ಕೊರತೆಯಿಲ್ಲ, ಎಲ್ಲ ಎರಡೆರಡಿವೆ, ಇಲ್ಲ ಅನ್ನುವ ಮನುಷ್ಯ ಮಾತ್ರ ಒಬ್ಬನೂ ಇಲ್ಲ. ಮೂರು ತಿಂಗಳ ಬಳಿಕ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಸೆಂಟರ್ ನಡೆಸುವ ಕೆಲಸವನ್ನು ಮಾಲೀಕರ ಕೈಯಿಂದ ಬೇರೆಯವರಿಗೆ ಗುತ್ತಿಗೆ ಕೊಡಿ. ಬಹಳ ಕಂಪನಿಗಳು ಹಾಗೇ ಮಾಡುತ್ತವೆ. ಹೊರಗಿನವರಿಗೆ ಬೀಗರಿರುವುದಿಲ್ಲ. ಆಸ್ಪತ್ರೆಯವರು ಗೊಣಗುತ್ತಲೇ ಮೂರು ತಿಂಗಳು ಕಾಯಲು ಒಪ್ಪಿದರು.

ಪುಣೆಯ ಒಂದು ಕಂಪನಿ ಕೆಲಸ ಕೇಳಿಕೊಂಡು ಬಂತು. ಕೋಟು ಹಾಕಿದ ಇಬ್ಬರು ಗೋಡೆಯ ಮೇಲೆ ನಲವತ್ತು ಚಿತ್ರ ತೋರಿಸಿದರು. ಮೂವತ್ತೊಂದನೆಯದರಲ್ಲಿ, ಅವರ ಜನರೇ ಬರುತ್ತಾರೆ, ಈಗಿನ ಒಂಬತ್ತು ಜನ ಬೇಕಾಗುವುದಿಲ್ಲ ಎಂದಿತ್ತು. ಅವತ್ತು ಸಂಜೆ ನಾನು ಮಲ್ಲಣ್ಣನವರ ಎದುರು ನಿಂತು ಹೇಳಿದೆ: ನಾವು ಒಂಬತ್ತು ಜನವೇ ಒಂದು ಸಂಸ್ಥೆ ಮಾಡುತ್ತೇವೆ, ಗುತ್ತಿಗೆ ನಮಗೆ ಕೊಡಿ. ನನ್ನ ಸಹಿ ಇಲ್ಲದೆ ಒಂದು ಬೋಲ್ಟೂ ಗೇಟು ದಾಟಬಾರದು, ನೀವು ಕೇಳಿದರೂ ಕೊಡುವುದಿಲ್ಲ, ಹಾಗೆಂದು ಬಾಂಡ್ ಪೇಪರಿನಲ್ಲಿ ಬರೆದುಕೊಡಿ. ಇಷ್ಟು ದಿನ ಯಾರಾದರೂ ಈ ಮಾತು ಹೇಳಲಿ ಎಂದು ಕಾದಿದ್ದವರಂತೆ ಅವರು ಜೇಬಿನಿಂದ ಪೆನ್ನು ತೆಗೆದರು. “ಕೇಳಾಕ ಬಂದವರಿಗೆ ನಾ ಹೂಂ ಅಂತೀನಿ, ನೀ ಇಲ್ಲ ಅನ್ನು. ನನ್ನ ಮಾರಿ ಉಳೀತದ” ಎಂದರು.

ಅವರ ಮುಖ ಉಳಿಯಿತು, ನನ್ನದು ಹೋಯಿತು. ಕಲಬುರಗಿಯ ಖೂಬಾ ಪ್ಲಾಟಿನಿಂದ ನಂದೂರಿನವರೆಗೆ ನನ್ನಷ್ಟು ಕೆಟ್ಟ ಹೆಂಗಸು ಇನ್ನೊಬ್ಬಳಿರಲಿಲ್ಲ. ಬೀಗರು ಬಂದರು, ಬೀಗರ ಬೀಗರು ಬಂದರು, ಒಬ್ಬರು ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತರು. ಎಲ್ಲರಿಗೂ ಚಹಾ ಕುಡಿಸಿ, ಇಲ್ಲ ಅಂದೆ. ಸಿಟ್ಟಿನವಳು ಎಂಬ ಹೆಸರು ಮೊದಲೇ ಇದ್ದದ್ದು ಆಗ ನನಗೆ ಬಹಳ ಅನುಕೂಲವಾಯಿತು. ಪರ್ವೇಜ್ ಆಗಸ್ಟಿನಲ್ಲಿ ಬಂದು, ಒಂದನ್ನು ಬಿಚ್ಚಿಸಿ ಇನ್ನೊಂದನ್ನು ಓಡಿಸಿ ನೋಡಿ, ಮೂರನೆಯ ಮಟ್ಟದ ಪ್ರಮಾಣಪತ್ರ ಕೊಟ್ಟು ಹೋದರು. ಅದೇ ವಾರ ಆಸ್ಪತ್ರೆಯವರು ಆಪರೇಷನ್ ಕೋಣೆಯ ದಾಖಲೆಗಳನ್ನೂ ನಮ್ಮಲ್ಲಿಗೆ ತಂದರು.

ಮುಂದಿನ ವಾರ ಮಲ್ಲಣ್ಣನವರೇ ಗೇಟಿಗೆ ಬಂದರು. ಭಾನುವಾರ ಅವರ ಮಗಳು ಸೌಂದರ್ಯಾಳ ಮದುವೆ, ಖೂಬಾ ಪ್ಲಾಟಿನಲ್ಲಿ ಮನೆಯ ಮುಂದೆಯೇ ಹಂದರ. ಶ್ರಾವಣದ ಮುಹೂರ್ತಗಳಿಗೆ ಊರಿನ ಜನರೇಟರುಗಳೆಲ್ಲ ಹೋಗಿ, ಬಾಡಿಗೆಗೆ ಸಿಕ್ಕಿದ್ದು ಒಂದು ಹಳೆಯದು ಮಾತ್ರ. ಪ್ರಮಾಣಪತ್ರವಂತೂ ಬಂದಾಗಿದೆ, ಪರ್ವೇಜ್ ಹೋಗಿಯಾಗಿದೆ, ಒಂದೇ ದಿನದ ಮಾತು ಎಂದರು. ಆಮೇಲೆ ದನಿ ಇಳಿಸಿ, “ನನ್ನ ಮಗಳವ್ವ” ಎಂದರು.

ಡಿಪ್ಲೊಮಾ ಕೈಯಲ್ಲಿ ಹಿಡಿದು ಎರಡು ವರ್ಷ ಅಲೆದವಳನ್ನು ಕರೆದು ಬೀಗದ ಕೈ ಗೊಂಚಲು ಕೊಟ್ಟವರು ಇವರೇ. ನನ್ನ ಅಪ್ಪ ತೀರಿಕೊಂಡಾಗ ಮೊದಲು ಮನೆಗೆ ಬಂದವರೂ ಇವರೇ. ಬೇರೆಯವರಿಗೆ ಅಷ್ಟು ಸಲೀಸಾಗಿ ಹೇಳಿದ ಶಬ್ದ ಅವತ್ತು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

“ಇಲ್ರೀ ಸಾವ್ಕಾರ್ರ.”

ಅವರು ನನ್ನನ್ನೊಮ್ಮೆ, ಹಿತ್ತಿಲ ಕಡೆಗೊಮ್ಮೆ ನೋಡಿ, ಚಹಾ ಕೂಡ ಕುಡಿಯದೆ ಹೋದರು.

ಮದುವೆಗೆ ಹೋಗಲೋ ಬೇಡವೋ ಎನ್ನುತ್ತಲೇ ಹೋದೆ. ಹೊಸ ಸೀರೆ ಉಟ್ಟು ಕಟ್ಟಕಡೆಯ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕೂತೆ. ಅಕ್ಷತೆಗೆ ಇನ್ನೇನು ಐದು ನಿಮಿಷ ಇರುವಾಗ ಮಳೆಯ ಗಾಳಿ ಬೀಸಿ ಊರಿನ ಕರೆಂಟು ಹೋಯಿತು. ಬಾಡಿಗೆಯ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಫ್ಯಾನು ನಿಂತವು, ಮೈಕು ನಿಂತಿತು, ಮಂತ್ರ ಯಾರಿಗೂ ಕೇಳಿಸದಾಯಿತು. ಸಾವಿರ ಜನ ಆ ಧಗೆಯಲ್ಲಿ ಬೆವರುತ್ತ, ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ನನ್ನನ್ನು ನೋಡತೊಡಗಿದರು. ಗೇಟಿನ ಹೊರಗೆ ಕುರ್ಚಿ ಹಾಕಿ ಕೂತಿದ್ದವರಂತೂ ಎದ್ದು ನಿಂತೇ ನೋಡಿದರು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು, ನಂದೂರಿನಿಂದ. ಅಲ್ಲಿ ಕಾಲು ಗಂಟೆ ಮೊದಲೇ ಕರೆಂಟು ಹೋಗಿತ್ತು.

ಮಲ್ಲಣ್ಣನವರು ಮಂಟಪದಿಂದ ಇಳಿದು ಬಂದರು. ರುಮಾಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಬೈಗುಳಕ್ಕೆ ಸಿದ್ಧಳಾಗಿ ಎದ್ದು ನಿಂತೆ. ಅವರು ನನ್ನ ಫೋನಿನ ಕಡೆ ಕೈ ಮಾಡಿ, “ನಂದೂರದಾಗ ಹ್ಯಾಂಗದ?” ಎಂದು ಕೇಳಿದರು.

ಒಂದನೆಯದು ಹತ್ತಿತ್ತು, ಹತ್ತು ನಿಮಿಷಕ್ಕೆ ಬಿಸಿಯಾಗಿ ನಿಂತಿತು, ಎರಡನೆಯದು ಹೊತ್ತುಕೊಂಡಿದೆ, ಆಸ್ಪತ್ರೆಯಲ್ಲಿ ಎರಡು ಆಪರೇಷನ್ ನಡೆಯುತ್ತಿವೆ, ಅವರಿಗೆ ಏನೂ ಗೊತ್ತಾಗಿಲ್ಲ ಎಂದೆ.

ಅವರು ಸಾವಿರ ಜನರ ಕಡೆ ತಿರುಗಿ, ಮೈಕಿಲ್ಲದೆಯೇ, ಮಿಲ್ಲಿನಲ್ಲಿ ಹಮಾಲರನ್ನು ಕೂಗುವ ದನಿಯಲ್ಲಿ, ಎಲ್ಲರೂ ಕೈಯಲ್ಲಿರುವ ಲಗ್ನಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳಿ, ನಮ್ಮ ಜನರೇಟರಿಗೆ ನಂದೂರಿನಲ್ಲಿ ಕೆಲಸವಿದೆ ಎಂದು ಹೇಳಿದರು. ಸ್ವಾಮಿಗಳು ದನಿ ಎತ್ತಿ ಮಂತ್ರ ಶುರು ಮಾಡಿದರು, ನಾನೂ ಮುಂದೆ ಹೋಗಿ ಅಕ್ಕಿಕಾಳು ಹಾಕಿದೆ.